ಪೀಚೆಕತ್ತಿ ಕ್ಯಾಬಿನ್ ಬ್ಯಾಗಲ್ಲಿ ಬಿಡ್ತಾರಾ? ದೆಹಲಿ ಮದುವೆ, ಅರ್ಜೆಂಟ್

ನಾಪೋಕ್ಲು ಮಳೆ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಚಿಕ್ಕಪ್ಪನ ಮಗನ ಮದುವೆ, ದೆಹಲಿಯಲ್ಲಿ, ನಮ್ಮ ಕೊಡವ ಪದ್ಧತಿಯಲ್ಲಿ. ಕುಪ್ಯ (ನಿಲುವಂಗಿ), ಚೇಲೆ (ಸೊಂಟಪಟ್ಟಿ) ಎಲ್ಲ ಅವನ ಹತ್ತಿರವೇ ಇದೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಕಿರುಗತ್ತಿ, ಅಂದರೆ ಪೀಚೆಕತ್ತಿ ಮಾತ್ರ ಐನ್‌ಮನೆಯಿಂದ (ಕುಟುಂಬದ ಮೂಲಮನೆ) ನಾನು ಒಯ್ಯಬೇಕು. ಬೆಂಗಳೂರಿಂದ ಬೆಳಗಿನ ಫ್ಲೈಟ್.

ಅಲಗಿಗೆ ಸ್ಕೇಲ್ ಇಟ್ಟು ನೋಡಿದೆ, ಆರಿಂಚಿಗೆ ಕೂದಲೆಳೆಯಷ್ಟು ಕಮ್ಮಿ. ಹರಿತ ಅಂತೂ ಇಲ್ಲ, ಬಾಳೆಹಣ್ಣು ಕೊಯ್ಯಲೂ ಯೋಚನೆ ಮಾಡುತ್ತೆ. ಆದರೆ ಒರೆಗೆ ಬೆಳ್ಳಿ ಕಟ್ಟು, ಬೆಳ್ಳಿ ಸರಪಳಿ, ಹಿಡಿ ಬಿಳಿ. ಚೆಕ್-ಇನ್ ಬ್ಯಾಗಿಗೆ ಹಾಕಲು ಅಮ್ಮ ಸುತರಾಂ ಒಪ್ಪುತ್ತಿಲ್ಲ. "ಬ್ಯಾಗ್ ಕಳೆದುಹೋದರೆ ಕುಟುಂಬದ ಹಿರಿಯ ಪಟ್ಟೆದಾರರಿಗೆ ಏನು ಹೇಳ್ತೀಯ?" ಅಂತಾರೆ.

ನನ್ನ ಲೆಕ್ಕ ಹೀಗೆ: ಕೊಡವರಿಗೆ ಆಯುಧದ ಲೈಸೆನ್ಸಿನಿಂದ ವಿನಾಯಿತಿ ಇದೆ. ಸಿಖ್ಖರ ಧಾರ್ಮಿಕ ಕತ್ತಿ ಕಿರ್ಪಾಣ್‌ಗೆ ವಿಮಾನದೊಳಗೇ ಅವಕಾಶ ಇದೆ. ಹಾಗಾದರೆ ಇದಕ್ಕೂ ಇರಬೇಕಲ್ಲ?

ಹಳೇ ಯೂನಿಫಾರ್ಮ್

ಇಲ್ಲ ಮಗ. ಕ್ಯಾಬಿನ್‌ಗೆ ಬಿಡಲ್ಲ. ನಾನು ವಿಮಾನ ನಿಲ್ದಾಣ ಕಾಯೋ ಸಿಐಎಸ್‌ಎಫ್‌ ಪಡೆಯಲ್ಲಿದ್ದಾಗ ಇದೇ ವಾದ ಕೇಳಿಸಿಕೊಂಡವನು, ನಮ್ಮೂರಿನವರ ಬಾಯಿಂದಲೇ.

ನಿನ್ನ ಎರಡು ಲೆಕ್ಕದಲ್ಲೂ ತಪ್ಪಿದೆ. ಲೈಸೆನ್ಸ್ ವಿನಾಯಿತಿ ಬರೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೊಟ್ಟಿರೋದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಅದು ಆಯುಧ ಇಟ್ಟುಕೊಳ್ಳೋ ವಿಷಯ. ವಿಮಾನದೊಳಗೆ ಏನು ಹೋಗಬೇಕು ಅನ್ನೋದನ್ನು ನಿರ್ಧರಿಸೋದು ಬಿಸಿಎಎಸ್, ಅಂದರೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ಅವರ ಪಟ್ಟಿಯಲ್ಲಿ ಚಾಕು, ಕತ್ತಿ ಕ್ಯಾಬಿನ್‌ಗೆ ನಿಷಿದ್ಧ. ಮೊಂಡಾಗಿದೆ, ಪೂಜೆಯದು, ಅಜ್ಜನದು ಅಂದರೂ ಅಷ್ಟೇ.

ಕಿರ್ಪಾಣ್‌ದು ಹೆಸರು ಹಿಡಿದು ಕೊಟ್ಟ ವಿನಾಯಿತಿ. 2022ರ ಆದೇಶದ ಪ್ರಕಾರ ಸಿಖ್ ಪ್ರಯಾಣಿಕರು ದೇಶದೊಳಗಿನ ವಿಮಾನದಲ್ಲಿ ಧರಿಸಬಹುದು. ಅಲಗು 15.24 ಸೆಂ.ಮೀ. ಅಂದರೆ ಆರಿಂಚು, ಒಟ್ಟು ಉದ್ದ 22.86 ಸೆಂ.ಮೀ. ದಾಟಬಾರದು. ನಿನ್ನ ಅಲಗು ಆ ಅಳತೆಗೆ ಸರಿಹೊಂದಿದ್ದು ಕಾಕತಾಳೀಯ, ಅದರಿಂದ ಹಕ್ಕು ಬರಲ್ಲ.

ಚೆಕ್-ಇನ್ ಬ್ಯಾಗಲ್ಲಿ ತೊಂದರೆ ಇಲ್ಲ. ಆದರೆ ಅದಕ್ಕಿಂತ ಮೊದಲು ಹೇಳು, ಹಿಡಿ ಬಿಳಿ ಅಂದೆಯಲ್ಲ, ಅದು ಏನು?

ನಾಪೋಕ್ಲು ಮಳೆ

ಏನೋ ಗೊತ್ತಿಲ್ಲ ಅಂಕಲ್. ಮುತ್ತಜ್ಜನ ಕಾಲದ್ದು. ಮೂಳೆ ಇರಬಹುದು.

ಹಳೇ ಯೂನಿಫಾರ್ಮ್

ಲೆನ್ಸ್ ಹಿಡಿದು ಹಿಡಿಯ ತುದಿ ನೋಡು, ಅಡ್ಡಕ್ಕೆ ಕೊಯ್ದ ಕಡೆ. ಆನೆದಂತ ಆದರೆ ಒಂದರ ಮೇಲೊಂದು ಹಾಯುವ ಸಣ್ಣ ಗೆರೆಗಳು, ಬಲೆ ಥರ ಕಾಣುತ್ತೆ. ಮೂಳೆ ಆದರೆ ಕಪ್ಪು ಚುಕ್ಕಿ. ದಂತ ಆದರೆ ಕ್ಯಾಬಿನ್ನೋ ಚೆಕ್-ಇನ್ನೋ ಅನ್ನೋ ಪ್ರಶ್ನೆಯೇ ಬಿಡು. 1972ರ ವನ್ಯಜೀವಿ ಕಾಯ್ದೆ ಬರುತ್ತೆ. ಮಾಲೀಕತ್ವದ ಪ್ರಮಾಣಪತ್ರ ಕೈಯಲ್ಲಿಲ್ಲದೆ ಅದನ್ನು ಮನೆಯ ಹೊಸ್ತಿಲು ದಾಟಿಸಬೇಡ.

ಕಾಚಂಪುಳಿ ಅಕ್ಕ

ಮಧ್ಯೆ ಬಾಯಿ ಹಾಕ್ತೀನಿ. ಮದುವೆ ಅಂದಮೇಲೆ ಬಾಳೆ ದಿಂಡು ಕಡಿಯೋ ಶಾಸ್ತ್ರ, ಬಾಳೆ ಬಿರುದು ಕೂಡ ಇರುತ್ತಲ್ಲ? ಅದಕ್ಕೆ ಬೇಕಾದ ಅಗಲ ಅಲಗಿನ ಒಡಿಕತ್ತಿಗೆ ಏನು ಮಾಡ್ತಿದ್ದೀರಿ? ನಮ್ಮನೆಯವರು ಒಮ್ಮೆ ಹೊರ ರಾಜ್ಯದ ಮದುವೆಗೆ ಅದನ್ನೂ ಪ್ಯಾಕ್ ಮಾಡಲು ಹೊರಟಿದ್ದರು. ಸೂಟ್‌ಕೇಸ್ ಮುಚ್ಚಲೇ ಇಲ್ಲ, ಪುಣ್ಯ.

ಹಳೇ ಯೂನಿಫಾರ್ಮ್

ಒಡಿಕತ್ತಿ ಒಯ್ಯುವ ಯೋಚನೆ ಬೇಡ. ಶಸ್ತ್ರಾಸ್ತ್ರ ನಿಯಮದಲ್ಲಿ ಒಂಬತ್ತಿಂಚಿಗಿಂತ ಉದ್ದ ಅಥವಾ ಎರಡಿಂಚಿಗಿಂತ ಅಗಲದ ಅಲಗಿಗೆ ಬೇರೆಯೇ ವರ್ಗ ಇದೆ. ಒಡಿಕತ್ತಿಯ ಹೊಟ್ಟೆ ಎಷ್ಟು ಅಗಲ ಅಂತ ನಿಮಗೇ ಗೊತ್ತು. ದೆಹಲಿಯಲ್ಲಿ ರಾತ್ರಿ ಹೊತ್ತು ಟ್ಯಾಕ್ಸಿ ತಡೆದ ಪೊಲೀಸಿಗೆ ಬಾಳೆ ಬಿರುದಿನ ಕಥೆ ಹೇಳಿ ಒಪ್ಪಿಸೋರು ಯಾರು? ಅಲ್ಲಿ ಸೈನ್ಯದಲ್ಲಿರುವ ನಮ್ಮವರ ಮನೆ ಒಂದಾದರೂ ಸಿಗುತ್ತೆ, ಗೋಡೆ ಮೇಲೆ ಒಂದು ನೇತಾಡ್ತಾ ಇರುತ್ತೆ. ಅದನ್ನೇ ಕೇಳಿ ತರಿಸಿಕೊಳ್ಳಿ.

ನಾಪೋಕ್ಲು ಮಳೆ

ಅಂಕಲ್, ನೋಡಿದೆ. ಬಲೆ ಥರದ ಗೆರೆಗಳೇ. ಪ್ರಮಾಣಪತ್ರ ದೊಡ್ಡಪ್ಪನ ಟ್ರಂಕಲ್ಲಿದೆಯಂತೆ, ಟ್ರಂಕಿನ ಕೀ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಕತ್ತಿ ಐನ್‌ಮನೆಗೆ ವಾಪಸ್ ಹೋಯ್ತು. ಈಗ ಸೋದರಮಾವನ ಪೀಚೆಕತ್ತಿ ಸಿಕ್ಕಿದೆ. ಮರದ ಹಿಡಿ, ಮೇಲೆ ಬೆಳ್ಳಿ ತಗಡು. ಆದರೆ ಬೆಳ್ಳಿ ತಲೆನೋವು ಹಾಗೇ ಇದೆ. ಚೆಕ್-ಇನ್ ಬ್ಯಾಗಲ್ಲಿ ಬೆಲೆಬಾಳುವ ವಸ್ತು ಇಡಬೇಡಿ, ಕಳೆದರೆ ನಾವು ಹೊಣೆಯಲ್ಲ ಅಂತ ಟಿಕೆಟ್ ಶರತ್ತಿನಲ್ಲಿ ಬರೆದಿದ್ದಾರೆ.

ಹಳೇ ಯೂನಿಫಾರ್ಮ್

ಹಾಗಾದರೆ ಬೇರೆ ಬೇರೆ ಮಾಡು. ಒರೆಯಿಂದ ಕತ್ತಿ ಎಳೆದು ತೆಗೆ. ಅಲಗಿಗೆ ದಪ್ಪ ರಟ್ಟು ಎರಡು ಸುತ್ತು, ಮೊನೆಗೆ ಕಾರ್ಕ್ ಚುಚ್ಚು, ಮೇಲೆ ಟೇಪ್. ಬ್ಯಾಗ್ ತೆರೆದು ನೋಡೋ ಹುಡುಗನ ಕೈ ಕೊಯ್ಯಬಾರದು. ಅದು ಚೆಕ್-ಇನ್‌ಗೆ, ಬಟ್ಟೆಗಳ ನಡುವೆ. ಒರೆ, ಸರಪಳಿ ಕ್ಯಾಬಿನ್ ಬ್ಯಾಗಲ್ಲಿ, ತಟ್ಟನೆ ತೆಗೆಯೋ ಹಾಗೆ ಮೇಲ್ಗಡೆ. ಕೌಂಟರ್‌ನಲ್ಲಿ ಬ್ಯಾಗ್ ಕೊಡುವಾಗ ಒಳಗೆ ಮದುವೆಯ ಕತ್ತಿ ಇದೆ ಅಂತ ನೀನೇ ಹೇಳಿಬಿಡು. ಮೊಬೈಲಲ್ಲಿ ಮದುವಣಿಗನ ವೇಷದ ಫೋಟೊ ಒಂದಿರಲಿ. ಪವರ್ ಬ್ಯಾಂಕ್ ಮಾತ್ರ ಅಪ್ಪಿತಪ್ಪಿಯೂ ಆ ಬ್ಯಾಗಿಗೆ ಹಾಕಬೇಡ, ಅದು ಕ್ಯಾಬಿನ್‌ನಲ್ಲೇ ಇರಬೇಕು.

ಖಾಲಿ ಒರೆಯಾದರೂ ಎಕ್ಸ್-ರೇಯಲ್ಲಿ ಕತ್ತಿ ಥರ ಕಾಣಬಹುದು. ಹತ್ತು ನಿಮಿಷ ಜಾಸ್ತಿ ಇಟ್ಟುಕೋ. ಒರೆಗೂ ಬೇಡ ಅಂದರೆ ಅಲ್ಲಿ ನಿಂತು ವಾದ ಮಾಡಬೇಡ, ಗೇಟಲ್ಲಿರೋನ ಮಾತೇ ಕೊನೆ.

ಕಾಚಂಪುಳಿ ಅಕ್ಕ

ದೆಹಲಿಯವರಿಗೆ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿ ಒಯ್ಯೋದಿದ್ದರೆ ಅದನ್ನೂ ಚೆಕ್-ಇನ್‌ಗೇ ಹಾಕಿ. ಗಾಜಿನ ಬಾಟಲಿ ಬೇಡ. ಪ್ಲಾಸ್ಟಿಕ್ ಬಾಟಲಿಗೆ ಮುಚ್ಚಳದ ಕೆಳಗೆ ಕವರ್ ಇಟ್ಟು ಬಿಗಿ ಮಾಡಿ, ಎರಡು ಕವರಲ್ಲಿ ಕಟ್ಟಿ. ಡಾಂಬರಿನ ಹಾಗಿರೋ ಅದು ಕುಪ್ಯದ ಮೇಲೆ ಚೆಲ್ಲಿದರೆ, ಮದುಮಗನದು ಬಿಳಿ ಕುಪ್ಯ ನೆನಪಿರಲಿ!

ನಾಪೋಕ್ಲು ಮಳೆ

ಹೋಗಿ ಬಂದೆ. ಏನಾಯ್ತು ಅಂತ ಬರೀತೀನಿ, ಮುಂದೆ ಹುಡುಕೋರಿಗೆ ಬೇಕಾಗುತ್ತೆ.

ಹೋಗುವಾಗ ಚೆಕ್-ಇನ್ ಬ್ಯಾಗ್ ಸಲೀಸಾಗಿ ಹೋಯ್ತು. ಕೌಂಟರಿನ ಹುಡುಗಿ "ಸರಿ ಸರ್" ಅಂದಳು ಅಷ್ಟೇ. ಕ್ಯಾಬಿನ್ ಬ್ಯಾಗನ್ನು ಪಕ್ಕಕ್ಕೆ ಎಳೆದರು. ಒರೆಯಿಂದಲ್ಲ, ಸರಪಳಿಯಿಂದ! ಮಾವನ ಸರಪಳಿಯ ತುದಿಯಲ್ಲಿ ಬೆಳ್ಳಿಯ ಪುಟ್ಟ ಪುಟ್ಟ ಆಯುಧ ನೇತುಹಾಕಿದ್ದಾರೆ, ಒಂದು ಕೋವಿ, ಒಂದು ಕತ್ತಿ, ಒಂದು ಈಟಿ. ಕೋವಿ ನನ್ನ ಕಿರುಬೆರಳ ಉಗುರಿಗಿಂತ ಸ್ವಲ್ಪ ಉದ್ದ. ಅಧಿಕಾರಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು, ಒರೆಯೊಳಗೆ ಟಾರ್ಚ್ ಬಿಟ್ಟರು, ಫೋಟೊ ನೋಡಿದರು. ಇನ್ನೊಬ್ಬರನ್ನು ಕರೆದು ಕೋವಿ ತೋರಿಸಿ ನಕ್ಕು, ವಾಪಸ್ ಕೊಟ್ಟರು. ಏಳೆಂಟು ನಿಮಿಷ.

ಎಡವಟ್ಟಾಗಿದ್ದು ಬರುವಾಗ. ಮದುವೆ ಮರುದಿನ ಮಾವನ ಪೀಚೆಕತ್ತಿ ವಾಪಸ್ ಕೊಡು ಅಂದರೆ, ತಮ್ಮ ನಿದ್ದೆಗಣ್ಣಲ್ಲಿ ಕುಪ್ಯ ಚೇಲೆ ಸಮೇತ ಸುತ್ತಿ ನನ್ನ ಕ್ಯಾಬಿನ್ ಬ್ಯಾಗಿಗೇ ತುರುಕಿದ್ದಾನೆ, ಡ್ರೈ ಕ್ಲೀನಿಂಗ್‌ಗೆ ಅಂತೆ. ಕತ್ತಿ ಒರೆಯಲ್ಲಿ, ಒರೆ ಚೇಲೆಯಲ್ಲಿ. ಬೋರ್ಡಿಂಗ್ ಪಾಸ್ ತೆಗೆಯಲು ಕೈ ಹಾಕಿದಾಗ ಸರಪಳಿ ಬೆರಳಿಗೆ ಸಿಕ್ಕಿತು. ಚೆಕ್-ಇನ್ ಬ್ಯಾಗ್ ಆಗಲೇ ಬೆಲ್ಟ್ ಮೇಲೆ ಹೋಗಿತ್ತು. ಓಡಿ ಕೌಂಟರಿಗೆ ವಾಪಸ್ ಹೋಗಿ, ಕ್ಯಾಬಿನ್ ಬ್ಯಾಗನ್ನೂ ಚೆಕ್-ಇನ್ ಮಾಡಿಸಿ, ಹೆಚ್ಚುವರಿ ತೂಕದ ದುಡ್ಡು ಕಟ್ಟಿದೆ.

ಅಮ್ಮನಿಗೆ ಹೇಳಿಲ್ಲ.

ಹಳೇ ಯೂನಿಫಾರ್ಮ್

ಬೆಳ್ಳಿ ಸಮೇತ ಬಂತಲ್ಲ, ಸಾಕು. ಟ್ರಂಕಿನ ಕೀ ಹುಡುಕಿಸು.