ಬರೆಯುವ ಮೊದಲು ಅಜ್ಜಿಯನ್ನು ಕೇಳು

ಮಗೂ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ನೋಡಿದೆ. ಭಾನುವಾರ ತಾತನ ಸ್ಮರಣೆಗೆ ಎಲ್ಲರೂ ಸೇರಿದಾಗ ಐದು ನಿಮಿಷ ಓದುವ ಹೊಣೆ ನಿನ್ನ ಮೇಲೆ ಬಿದ್ದಿದೆ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಹುಟ್ಟಿದ ವರ್ಷವೇ ಎರಡು ಕಾಗದದಲ್ಲಿ ಎರಡು ರೀತಿ ಇದೆ, 91 ವರ್ಷ ಬಾಳಿದವರ ಬಗ್ಗೆ ತಪ್ಪು ಬರೆದುಬಿಟ್ಟರೆ ಏನು ಗತಿ ಎಂದು ಹೆದರಿದ್ದೀಯೆ. ಟೈಪ್ ಮಾಡಲು ನನ್ನ ಬೆರಳುಗಳು ಮಾತು ಕೇಳುವುದಿಲ್ಲವಾದ್ದರಿಂದ ಬಾಯಲ್ಲೇ ಹೇಳುತ್ತೇನೆ. ಉದ್ದವಾಯಿತೆಂದು ನಡುವೆ ನಿಲ್ಲಿಸಬೇಡ.

ನಿನ್ನ ತಾತ, ಅಂದರೆ ನನ್ನ ಅಣ್ಣ, ಎಂಥವರೆಂದು ಈ ಗುಂಪಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವರ ನಸುಕಿನ ಪ್ರಾರ್ಥನೆ, ನಿನ್ನ ಅಜ್ಜಿ, ನನ್ನ ಅತ್ತಿಗೆಯೊಂದಿಗಿನ 63 ವರ್ಷದ ಸಂಸಾರ, ಮಕ್ಕಳನ್ನು ದಡ ಮುಟ್ಟಿಸಿದ ಪರಿ ಎಲ್ಲವೂ ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ ಗೊತ್ತು ಎಂಬುದನ್ನೇ ನಂಬಿ ಬರೆಯಲು ಕುಳಿತು ನಾನು ಒಮ್ಮೆ ಕೆಟ್ಟಿದ್ದೇನೆ.

ಅಪ್ಪ ಹೋದಾಗ ನನಗೆ 38 ವರ್ಷ. ನಾಲ್ಕಕ್ಷರ ಬಲ್ಲವನೆಂದು ಓದುವ ಕೆಲಸವನ್ನು ನನಗೇ ಕೊಟ್ಟರು. ಬಾಗಿಲು ಹಾಕಿಕೊಂಡು, ಯಾರನ್ನೂ ಒಂದು ಮಾತು ಕೇಳದೆ, ಒಂದೇ ರಾತ್ರಿಯಲ್ಲಿ ನಾಲ್ಕು ಪುಟ ಬರೆದೆ. ಅವರು ಒಂದು ದಿನವೂ ಪ್ರಾರ್ಥನೆ ತಪ್ಪಿಸಲಿಲ್ಲ, ಅವರ ನಂಬಿಕೆ ಒಮ್ಮೆಯೂ ಅಲುಗಲಿಲ್ಲ, ಮನೆಯಲ್ಲಿ ಎಂದೂ ದನಿ ಎತ್ತಲಿಲ್ಲ ಎಂದೆಲ್ಲ ಓದಿದೆ. ಬಂದವರು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಮ್ಮನ ಕಣ್ಣು ಮಾತ್ರ ಒಣಗಿಯೇ ಇತ್ತು. ಎಲ್ಲರೂ ಹೊರಟ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಚೆನ್ನಾಗಿ ಓದಿದೆ ಕಣೋ, ಆದರೆ ಯಾರ ವಿಷಯ ಓದಿದೆ?" ಎಂದಳು.

ಅಣ್ಣನಿಗಿಂತ ಮೊದಲು ಹುಟ್ಟಿದ ಅಕ್ಕ ಆರು ವರ್ಷಕ್ಕೇ ತೀರಿಕೊಂಡಾಗ, ಅಪ್ಪ ವರ್ಷಕ್ಕೂ ಮಿಕ್ಕಿ ಪ್ರಾರ್ಥನೆಗೆ ಕೂರಲಿಲ್ಲವಂತೆ. ಯಾರಾದರೂ ದೇವರ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರಂತೆ. ಆಮೇಲೆ ಒಂದು ಬೆಳಿಗ್ಗೆ, ಯಾರೂ ಕರೆಯದೆ, ತಾವಾಗಿಯೇ ಬಂದು ಅಮ್ಮನ ಪಕ್ಕದಲ್ಲಿ ಕುಳಿತರಂತೆ. ಆ ಬೆಳಿಗ್ಗೆ ಏನಾಯಿತೆಂದು ಕೇಳಿದೆ. "ಈಗ ಸಾಕಾಗಿದೆ, ಇನ್ನೊಂದು ದಿನ ಹೇಳುತ್ತೇನೆ" ಎಂದಳು, ನಾನೂ ಬಿಟ್ಟೆ. ಹತ್ತೊಂಬತ್ತನೆಯ ದಿನ ಅವಳಿಗೆ ಲಕ್ವ ಹೊಡೆಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದದ್ದರಿಂದ ನಾವು ಆಡಿದ್ದು ಅವಳಿಗೆ ತಿಳಿಯುತ್ತಿತ್ತು, ಅವಳ ಬಾಯಿಗೆ ಮಾತ್ರ ಪದ ಬರುತ್ತಿರಲಿಲ್ಲ. ಹಾಗೆಯೇ ಮೂರು ವರ್ಷ ಇದ್ದಳು. ಎಷ್ಟೋ ಸಲ ಅವಳ ಕೈ ಹಿಡಿದು ಕುಳಿತು, ಆ ಬೆಳಿಗ್ಗೆಯ ವಿಷಯವನ್ನು ಇನ್ನೊಮ್ಮೆ ಕೇಳಲೋ ಬೇಡವೋ ಎಂದು ಯೋಚಿಸಿ ಸುಮ್ಮನಾಗಿದ್ದೇನೆ.

ಆದ್ದರಿಂದ ಮಗೂ, ಒಂದಕ್ಷರ ಬರೆಯುವ ಮೊದಲು ಅಜ್ಜಿಯನ್ನು ಕೇಳು. ಇನ್ನೊಂದು ದಿನಕ್ಕೆ ಬಿಡಬೇಡ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಕೇಂಬ್ರಿಡ್ಜಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಓದಿದ್ದೆ. ಅಪರಿಚಿತವಾದ ಒಂದು ಕಥೆಯನ್ನು ಓದಿಸಿ, ದಿನಗಳು ಕಳೆದಂತೆ ಮತ್ತೆ ಮತ್ತೆ ಹೇಳಿಸಿದರೆ, ಹೇಳುವವರು ತಮಗೆ ಅರ್ಥವಾಗದ ಭಾಗವನ್ನು ಗೊತ್ತಿಲ್ಲದೆಯೇ ಕೈಬಿಟ್ಟು, ಉಳಿದದ್ದನ್ನು ತಮಗೆ ರೂಢಿಯಾದ ಅಚ್ಚಿಗೆ ಹೊಂದಿಸಿಬಿಡುತ್ತಾರೆ. ನನ್ನ ನಾಲ್ಕು ಪುಟದಲ್ಲಿ ಆದದ್ದು ಅದೇ: ಪ್ರಾರ್ಥನೆ ಬಿಟ್ಟ ಅಪ್ಪ ನಮ್ಮ ಅಚ್ಚಿಗೆ ಹೊಂದಲಿಲ್ಲ, ಜಾರಿಹೋದರು. ಈ ವಾರದಲ್ಲೇ ಅಣ್ಣನನ್ನೂ ಹಾಗೆ ನುಣುಪು ಮಾಡಲು ಶುರುಮಾಡಿದ್ದಾರೆ. ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ ಎಂದು ಮೊನ್ನೆ ಯಾರೋ ಬರೆದಿದ್ದರು. ಓದಿ ನನಗೆ ನಗು ಬಂತು. ಓದುವ ದಿನಗಳಲ್ಲಿ ಎರಡು ವರ್ಷ ಅವರ ಮನೆಯಲ್ಲಿದ್ದವನು ನಾನು, ಅವರ ಸಿಟ್ಟನ್ನು ಚೆನ್ನಾಗಿಯೇ ಉಂಡಿದ್ದೇನೆ. ಆದರೆ ಮಾರನೆಯ ದಿನ ನಸುಕಿನಲ್ಲಿ, ಮನೆಯವರೆಲ್ಲರ ಹೆಸರನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುವಾಗ, ಹಿಂದಿನ ಸಂಜೆ ಯಾರನ್ನು ಬೈದಿದ್ದರೋ ಅವರ ಹೆಸರೇ ಮೊದಲು ಬರುತ್ತಿತ್ತು. ಗೋಡೆಯಾಚೆ ಮಲಗಿ ನನ್ನ ಹೆಸರನ್ನು ಮೊದಲನೆಯದಾಗಿ ಕೇಳಿದ ಬೆಳಿಗ್ಗೆಗಳು ಎಷ್ಟಿದ್ದವೋ ಲೆಕ್ಕವಿಲ್ಲ. ಸಿಟ್ಟನ್ನು ತೆಗೆದುಹಾಕಿದರೆ ಈ ಪ್ರಾರ್ಥನೆಯೂ ಹೋಗುತ್ತದೆ. ಆ ಅಭ್ಯಾಸ ಅವರಿಗೆ ಎಲ್ಲಿಂದ ಬಂತೆಂಬುದು ನನಗೂ ಗೊತ್ತಿಲ್ಲ, ಅತ್ತಿಗೆಗೆ ಗೊತ್ತಿರಬಹುದು. ಮತ್ತೊಮ್ಮೆ ಹೇಳುತ್ತೇನೆ, ಅವಳನ್ನು ಕೇಳದೆ ಬರೆಯಬೇಡ, ಇನ್ನೊಂದು ದಿನ ಎನ್ನಬೇಡ.

ಗುಂಪಿನ ಮಾತು ಬಂದದ್ದರಿಂದ ಹೇಳಿಯೇಬಿಡುತ್ತೇನೆ. ಎಂಟು ದಿನಗಳಿಂದ ಇಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತಿವೆ, ಅಣ್ಣ ಹೀಗೆ ಮಾಡಿದ್ದರು, ಹೀಗೆ ಅಂದಿದ್ದರು ಎಂಬ ಒಂದೇ ಒಂದು ಸಾಲು ಯಾರಿಂದಲೂ ಬಂದಿಲ್ಲ. ಕಡೆಯ ಎರಡು ವರ್ಷ ಅವರು ಹೊರಗೆ ಹೋಗಲಾರದಾದಾಗ, ಪ್ರತಿ ಕರೆಗಂಟೆಗೂ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದರು. ಆಗ ಬಂದವರನ್ನು ಎಣಿಸಲು ನನಗೆ ಒಂದು ಕೈಯ ಬೆರಳು ಸಾಕು. ಅವರ ಹಳೆಯ ಪ್ರಾರ್ಥನಾ ಪುಸ್ತಕವನ್ನು ನೋಡಿ ಕೊಡುತ್ತೇನೆಂದು ತೆಗೆದುಕೊಂಡು ಹೋದವರು ಹನ್ನೊಂದು ವರ್ಷವಾದರೂ ಇನ್ನೂ ನೋಡುತ್ತಲೇ ಇದ್ದಾರೆ. ಯಾರೆಂದು ನಾನು ಹೇಳುವುದಿಲ್ಲ, ಅವರೂ ಇದನ್ನು ಕೇಳಿಸಿಕೊಳ್ಳುತ್ತಿದ್ದಾರೆ.

ಆ ಪುಸ್ತಕದಿಂದಲೇ ನೆನಪಾಯಿತು, ನೀನು ಕೇಳಿದ್ದು ವರ್ಷದ ವಿಷಯವಲ್ಲವೇ? ಅಪ್ಪ ನಮ್ಮೆಲ್ಲರ ಹುಟ್ಟಿದ ದಿನಗಳನ್ನು ಅದರ ಮೊದಲ ಹಾಳೆಯಲ್ಲಿ ಬರೆದಿಟ್ಟಿದ್ದರು. ಶಾಲೆಗೆ ಸೇರಿಸುವಾಗ ಅಂದಾಜಿಗೆ ಹೇಳಿದ ತಾರೀಕಿಗಿಂತ, ಮಗು ಹುಟ್ಟಿದ ವಾರದಲ್ಲೇ ಬರೆದದ್ದನ್ನು ಹೆಚ್ಚು ನಂಬಬಹುದು. ಭಾನುವಾರದೊಳಗೆ ಪುಸ್ತಕ ಮನೆಗೆ ಬಂದರೆ ಅದನ್ನು ನೋಡಿ ಬರೆ, ಬಾರದಿದ್ದರೆ ವರ್ಷವನ್ನು ಬಿಟ್ಟು ತೊಂಬತ್ತು ದಾಟಿದ ಬಾಳು ಎಂದಷ್ಟೇ ಓದು.

ಅಜ್ಜಿಯ ಬಳಿಗೆ ಒಬ್ಬಳೇ ಹೋಗು. ನಾಲ್ಕು ಜನ ಸುತ್ತ ಕುಳಿತರೆ ಒಬ್ಬರ ನೆನಪು ಇನ್ನೊಬ್ಬರದನ್ನು ತಡೆಯುತ್ತದೆ. ತಾತ ಹೇಗಿದ್ದರು ಎಂದು ಕೇಳಿದರೆ ಒಳ್ಳೆಯವರಿದ್ದರು ಎಂದಷ್ಟೇ ಹೇಳುತ್ತಾಳೆ. ಮದುವೆಯಾದ ಹೊಸತರಲ್ಲಿ ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು, ಯಾವ ಮಗುವಿನ ಕಾಯಿಲೆಗೆ ಹೆದರಿದ್ದರು ಎಂದು ಕೇಳು. ವಯಸ್ಸಾದವರಿಗೆ ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳೇ ಹೆಚ್ಚು ದಟ್ಟವಾಗಿ ಉಳಿದಿರುತ್ತವೆ, ಅಲ್ಲಿಂದಲೇ ಆರಂಭಿಸು. ಅವಳ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಿಸು, ಅದೇ ದಿನ ಅದರ ಪ್ರತಿಯನ್ನು ಇನ್ನೊಂದು ಕಡೆಯೂ ಇಡು. ಬರೆದದ್ದನ್ನು ಶನಿವಾರ ಅವಳಿಗೇ ಮೊದಲು ಓದಿ ತೋರಿಸು, ಬೇಡವೆಂದದ್ದನ್ನು ಮರುಮಾತಿಲ್ಲದೆ ತೆಗೆದುಬಿಡು. ಸಂಜೆಯ ಹೊತ್ತಿಗೆ ಅವಳಿಗೆ ದಣಿವಾಗುತ್ತದೆ, ಬೆಳಿಗ್ಗೆಯೇ ಹೋಗು. ಎಡಗಿವಿ ಈಗ ಕೇಳಿಸುವುದಿಲ್ಲ, ಬಲಗಡೆಗೆ ಕುಳಿತುಕೋ.