ನೀಲಗಿರಿ ಶೋಲಾಕಿಲಿ ನೋಡಲು ಮಾರ್ಗದರ್ಶನ ಬೇಕು

ಮಾನ್ಯ ಸದಸ್ಯರೇ, ಪಶ್ಚಿಮಘಟ್ಟದ ಸಾಲು ನಡುವೆ ತುಂಡಾಗುವ ಪಾಲ್ಘಾಟ್ ಕಣಿವೆಯ ಉತ್ತರಕ್ಕೆ ನೀಲಗಿರಿ, ಬ್ರಹ್ಮಗಿರಿ ಮುಂತಾದ ಎತ್ತರದ ಬೆಟ್ಟಗಳ ಶೋಲಾ ಕಾಡುಗಳಲ್ಲಿ (ಹುಲ್ಲುಗಾವಲುಗಳ ನಡುವಿನ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ನಿತ್ಯಹರಿದ್ವರ್ಣ ಕಾಡು) ಮಾತ್ರ ಬದುಕುವ ನೀಲಗಿರಿ ಶೋಲಾಕಿಲಿ ಹಕ್ಕಿಯನ್ನು ಅದರ ನೆಲೆಯಲ್ಲೇ ಸಾವಧಾನವಾಗಿ ಗಮನಿಸಬೇಕೆಂಬುದು ನನ್ನ ಬಹುಕಾಲದ ಆಸೆ. ಬೂದು ಬೆರೆತ ನೀಲಿ ಮೈ, ಪಕ್ಕೆಗಳಲ್ಲಿ ಇಟ್ಟಿಗೆಗೆಂಪು, ಉದ್ದನೆಯ ಕಾಲು, ಮೋಟು ಬಾಲದ ಈ ಹಕ್ಕಿ ನೆಲಕ್ಕೆ ಅಂಟಿಕೊಂಡಂತೆ ತರಗೆಲೆಗಳ ನಡುವೆ ಹುಳುಗಳನ್ನು ಹುಡುಕುತ್ತ, ಮಬ್ಬುಗತ್ತಲ ಪೊದೆಗಳಲ್ಲೇ ಓಡಾಡುವುದರಿಂದ, ಹತ್ತಿರದಲ್ಲೇ ಹಾಡುತ್ತಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಕಿವಿಯನ್ನೇ ನಂಬಬೇಕು. ಅದೇ ಕಾಡಿನಲ್ಲಿ ಹಾಡುವ ಮಲಬಾರ್ ವಿಸ್ಲಿಂಗ್ ಥ್ರಶ್‌ನ ಸಿಳ್ಳೆಗೂ ಇದರ ಹಾಡಿಗೂ ಇರುವ ವ್ಯತ್ಯಾಸವನ್ನು ಅನುಭವಿಗಳು ಬಿಡಿಸಿ ಹೇಳುವಿರಾ?

ಇದರ ಜೊತೆಗೆ, ಕಾಡಿನೊಳಗೆ ಹೋಗದೆ ರಸ್ತೆಯಂಚಿನ ತೊರೆಗಳ ಬಳಿ ಮುಂಜಾನೆ ಕಾದು ಕುಳಿತರೆ ಕಾಣುವ ಸಾಧ್ಯತೆ ಇದೆಯೇ, ಅರಣ್ಯ ಇಲಾಖೆಯ ಅನುಮತಿಯನ್ನು ಯಾವ ಕಚೇರಿಯಲ್ಲಿ ಕೇಳಬೇಕು ಎಂಬುದನ್ನೂ ತಿಳಿಸಿ. ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಹೊರಗೆಳೆಯುವ ಸಲಹೆ ಮಾತ್ರ ದಯವಿಟ್ಟು ಬೇಡ. ತನ್ನ ಗಡಿಯನ್ನು ಕಾಯುವ ಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕುತ್ತ ಮೇವನ್ನೂ ಗೂಡನ್ನೂ ಬಿಟ್ಟು ದಣಿಯುತ್ತದೆ, ಅದರಲ್ಲೂ ಅಳಿವಿನಂಚಿನ ಪ್ರಭೇದಕ್ಕೆ ಅಂಥ ಹಿಂಸೆ ಸಲ್ಲದು. ಗೂಡು ಕಂಡವರು ಅದರ ಜಾಗವನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. ಏಪ್ರಿಲ್‌ನಿಂದ ಜೂನ್‌ವರೆಗೆ ಮರಿ ಮಾಡುವ ಕಾಲವಾದ್ದರಿಂದ ಅದನ್ನು ಬಿಟ್ಟು ಬೇರೆ ಯಾವ ತಿಂಗಳು ಸೂಕ್ತವೆಂದು ಸೂಚಿಸಿದರೆ ಆಭಾರಿಯಾಗಿರುತ್ತೇನೆ.