ಜುಲೈ ಬಂತೆಂದರೆ ಅರ್ಧ ಕಚೇರಿಗೆ ಶೀತಜ್ವರ: ತಡೆಯುವ ದಾರಿ ಯಾವುದು?

ಪ್ರಶ್ನೆ: ಲೆಕ್ಕದಮನೆ, ಬೆಂಗಳೂರು

ನಮ್ಮದು ಇಪ್ಪತ್ತೆಂಟು ಜನರ ಲೆಕ್ಕಪರಿಶೋಧನಾ ಕಚೇರಿ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಒತ್ತಡ ಏರುವ ಜುಲೈ ತಿಂಗಳಲ್ಲೇ ಮಳೆಗಾಲದ ಶೀತಜ್ವರವೂ ಕಾಲಿಡುತ್ತದೆ. ಕಳೆದ ವರ್ಷ ಆರ್ಟಿಕಲ್‌ಶಿಪ್ (ಸಿ.ಎ. ವಿದ್ಯಾರ್ಥಿಗಳ ಕಡ್ಡಾಯ ತರಬೇತಿ) ಮಾಡುತ್ತಿದ್ದ ಹುಡುಗನೊಬ್ಬ ಜ್ವರದ ಮಾತ್ರೆ ನುಂಗಿ, ಕೆಮ್ಮುತ್ತಲೇ ಮೂರು ದಿನ ಕೆಲಸಕ್ಕೆ ಬಂದ; ಮುಂದಿನ ಹತ್ತು ದಿನಗಳಲ್ಲಿ ಹನ್ನೊಂದು ಮಂದಿ ಮಲಗಿದರು. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದೇವೆ, ಕೈ ತೊಳೆಯಿರಿ ಎಂಬ ಫಲಕವನ್ನೂ ಅಂಟಿಸಿದ್ದೇವೆ, ಸಂಜೆ ಎಲ್ಲರಿಗೂ ಶುಂಠಿ ಕಷಾಯ ಮಾಡಿಸುತ್ತೇವೆ. ಇಷ್ಟಾದರೂ ಪ್ರಯೋಜನ ಕಂಡಿಲ್ಲ. ಈ ಬಾರಿ ಮುಂಚಿತವಾಗಿ ಏನು ಮಾಡಬಹುದೆಂದು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಮಳೆಗಾಲದ ವೈದ್ಯ

ಕಷಾಯದಿಂದ ಗಂಟಲಿಗೆ ಹಿತವಾಗುತ್ತದೆ, ಸೋಂಕು ನಿಲ್ಲುವುದಿಲ್ಲ. ತಾವು ಬರೆದಿರುವ ಪ್ರಸಂಗದಲ್ಲಿ ನಿಜವಾದ ತಪ್ಪು ಆಗಿರುವುದು ಆ ಮೂರು ದಿನಗಳಲ್ಲಿ. ಫ್ಲೂ, ಅಂದರೆ ತಾವು ಹೇಳುವ ಶೀತಜ್ವರ, ತಗುಲಿದವರು ಲಕ್ಷಣ ಕಾಣಿಸುವುದಕ್ಕೆ ಸುಮಾರು ಒಂದು ದಿನ ಮೊದಲೇ ಸೋಂಕು ಹರಡಲು ಆರಂಭಿಸುತ್ತಾರೆ, ಆದರೆ ಅದು ಅತಿ ಹೆಚ್ಚಾಗಿ ಹರಡುವುದು ಕಾಯಿಲೆಯ ಮೊದಲ ಮೂರು-ನಾಲ್ಕು ದಿನಗಳಲ್ಲಿ. ಪ್ಯಾರಸಿಟಮಾಲ್ ಜ್ವರವನ್ನು ಇಳಿಸುತ್ತದೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲವಾದ್ದರಿಂದ, ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದೆ ಇದ್ದು, ಉಳಿದ ಲಕ್ಷಣಗಳೂ ಇಳಿಮುಖವಾದ ಮೇಲೆಯೇ ಕೆಲಸಕ್ಕೆ ಮರಳಬೇಕು. ಆನಂತರವೂ ನಾಲ್ಕೈದು ದಿನ ಮಾಸ್ಕ್ ಧರಿಸುವುದು ಒಳ್ಳೆಯದು.

ಫ್ಲೂ ಲಸಿಕೆಯನ್ನು ಮಳೆ ಹಿಡಿಯುವ ಮೊದಲೇ, ಅಂದರೆ ಏಪ್ರಿಲ್-ಮೇ ತಿಂಗಳಲ್ಲಿ ಹಾಕಿಸಿ. ರಕ್ಷಣೆ ಮೂಡಲು ಎರಡು ವಾರ ಬೇಕು. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿ ವರ್ಷವೂ ಹಾಕಿಸಬೇಕು. ಲಸಿಕೆ ಪಡೆದ ಎಲ್ಲರಿಗೂ ಫ್ಲೂ ತಪ್ಪುತ್ತದೆ ಎನ್ನಲಾಗದು, ಬಂದರೂ ತೀವ್ರವಾಗುವ ಸಾಧ್ಯತೆ ತಗ್ಗುತ್ತದೆ. ಗರ್ಭಿಣಿಯರು, ಮಧುಮೇಹ ಅಥವಾ ಆಸ್ತಮಾ ಇರುವವರು ಇದನ್ನು ಮುಂದೂಡಬಾರದು. ಸಾಮಾನ್ಯ ನೆಗಡಿಯನ್ನು ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚಿದ್ದು, ಅವುಗಳಿಗೆ ಈ ಲಸಿಕೆ ಅನ್ವಯಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ: ಅದೇ ಜುಲೈ ತಿಂಗಳಲ್ಲಿ ನಮ್ಮೂರಿನಲ್ಲಿ ಡೆಂಗಿಯೂ ಇರುತ್ತದೆ. ಮೂಗು ಸೋರದೆ, ಗಂಟಲು ನೋಯದೆ ಬರೀ ಜ್ವರವೂ ಕಣ್ಣಿನ ಹಿಂಭಾಗದ ನೋವೂ ಇದ್ದವರು ಅದನ್ನು ಫ್ಲೂ ಎಂದುಕೊಂಡು ಐಬುಪ್ರೊಫೇನ್ ನುಂಗದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಕಚೇರಿಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಆಂಟಿಬಯೋಟಿಕ್‌ಗಳನ್ನೂ ಇಂದೇ ತೆಗೆಸಿಬಿಡಿ; ವೈರಸ್ಸಿಗೆ ಅವು ನಾಟುವುದಿಲ್ಲ.

ಉತ್ತರ 2: ಗಾಳಿಕಿಟಕಿ

ವೈದ್ಯರ ಮಾತಿಗೆ ನನ್ನದೊಂದು ಸೇರ್ಪಡೆ. ಹವಾನಿಯಂತ್ರಣ ವ್ಯವಸ್ಥೆ ಅಳವಡಿಸುವ ಕೆಲಸದಲ್ಲಿರುವ ನನಗೆ, ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ ಎಂದು ನಂಬಿರುವವರು ಪ್ರತಿ ವಾರವೂ ಸಿಗುತ್ತಾರೆ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಕೋಣೆಯಲ್ಲಿರುವ ಗಾಳಿಯನ್ನೇ ತಂಪಾಗಿಸಿ ಮತ್ತೆ ಬಿಡುತ್ತದೆ. ಅದರೊಳಗಿನ ಬಲೆ ಧೂಳನ್ನು ಹಿಡಿಯುವುದಕ್ಕಷ್ಟೇ ಇರುವುದು. ಮಳೆಯ ಎರಚಲು ಬರುತ್ತದೆಂದು ಕಿಟಕಿಗಳನ್ನೂ ಮುಚ್ಚಿದರೆ ಒಬ್ಬರು ಕೆಮ್ಮಿದ್ದು ಇಪ್ಪತ್ತೆಂಟು ಮಂದಿಗೂ ಹಂಚಿಕೆಯಾಗುತ್ತದೆ.

ಒಂದು ಸಿಒ2 (ಇಂಗಾಲದ ಡೈಆಕ್ಸೈಡ್) ಮಾಪಕವನ್ನು ಕೊಂಡು ಸಭೆಯ ಕೋಣೆಯಲ್ಲಿಡಿ; ಜನ ಉಸಿರಾಡಿ ಬಿಟ್ಟ ಗಾಳಿ ಒಳಗೆ ಎಷ್ಟು ಉಳಿದಿದೆ ಎಂಬುದು ಅದರಿಂದ ತಿಳಿಯುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ತೋರಿಸುತ್ತದೆ. ಬಾಗಿಲು ಮುಚ್ಚಿ ಆರು ಮಂದಿ ಒಂದು ಗಂಟೆ ಕುಳಿತರೆ 1,500 ದಾಟುವುದನ್ನು ನಾನೇ ನೋಡಿದ್ದೇನೆ. ಒಂದು ಮೂಲೆಯ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಎದುರು ದಿಕ್ಕಿನ ಕಿಟಕಿಯನ್ನು ನಾಲ್ಕು ಬೆರಳಿನಷ್ಟು ತೆರೆದಿಟ್ಟು, ಸೊಳ್ಳೆ ಬಾರದಂತೆ ಜಾಲರಿ ಹಾಕಿಸಿದರೆ ಆ ಅಂಕಿ ಸಾವಿರದೊಳಗೆ ಇಳಿಯಬೇಕು, ಎಂಟುನೂರಕ್ಕೆ ಇಳಿದರೆ ಇನ್ನೂ ಉತ್ತಮ. ಕರೆಂಟ್ ಬಿಲ್ ಸ್ವಲ್ಪ ಏರುತ್ತದೆ ಎಂಬುದು ನಿಜ. ರಸ್ತೆಯ ಹೊಗೆಯಿಂದಾಗಿ ಕಿಟಕಿ ತೆರೆಯಲಾಗದಿದ್ದರೆ ಹೆಪಾ ಫಿಲ್ಟರ್ (ಅತಿ ಸೂಕ್ಷ್ಮ ಕಣಗಳನ್ನು ಸೋಸುವ ಜಾಲರಿ) ಇರುವ ಏರ್ ಪ್ಯೂರಿಫೈಯರ್ ಇಡಬಹುದು. ಅದು ಸಿಒ2 ಅಂಕಿಯನ್ನು ತಗ್ಗಿಸದಿದ್ದರೂ ತೇಲುವ ಕಣಗಳನ್ನು ಹಿಡಿಯುತ್ತದೆ.

ಉತ್ತರ 3: ಹಾಜರಿ ಪುಸ್ತಕ

ಆ ಹುಡುಗ ಮಾತ್ರೆ ನುಂಗಿ ಬಂದದ್ದೇಕೆ ಎಂದು ಯಾರೂ ಕೇಳಿದಂತಿಲ್ಲ. ರಜೆ ಹಾಕಿದರೆ ಸಂಬಳವೋ ಸ್ಟೈಪೆಂಡೋ ಕಡಿತವಾಗುತ್ತದೆ, ಇಲ್ಲವೇ ಹಿರಿಯರ ಮುಖ ಗಂಟಾಗುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೌಕರರಿಗೆ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ಅನಾರೋಗ್ಯ ರಜೆ ಸಿಗಬೇಕು. ತಿಂಗಳಿಗೆ 21,000 ರೂಪಾಯಿಯೊಳಗೆ ವೇತನವಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವವರಿಗೆ ಅಲ್ಲಿಂದಲೂ ಅನಾರೋಗ್ಯ ಭತ್ಯೆ ದೊರೆಯುತ್ತದೆ. ಆರ್ಟಿಕಲ್‌ಶಿಪ್‌ನವರ ರಜೆಯ ನಿಯಮಗಳು ಬೇರೆಯಾದರೂ, ಜ್ವರವಿದ್ದಾಗ ಅವರನ್ನು ಮನೆಯಲ್ಲಿರಿಸಲು ಕಚೇರಿಗೆ ಯಾವ ಅಡ್ಡಿಯೂ ಇಲ್ಲ. ಎರಡು ದಿನದ ಜ್ವರಕ್ಕೂ ವೈದ್ಯರ ಚೀಟಿ ತರಲೇಬೇಕೆಂಬ ನಿಯಮ ನಿಮ್ಮಲ್ಲಿದ್ದರೆ ಅದನ್ನು ಮೊದಲು ಕೈಬಿಡಿ. ಚೀಟಿಗಾಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಯುವುದಕ್ಕಿಂತ ಕಚೇರಿಗೆ ಬರುವುದೇ ಸುಲಭ ಎಂದು ನಾನೇ ಎಷ್ಟೋ ಬಾರಿ ಜ್ವರದಲ್ಲಿ ಹಾಜರಿ ಹಾಕಿದ್ದೇನೆ.

ಇನ್ನೊಂದು ಸಣ್ಣ ವಿಷಯ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ವೋಚರ್ ಕಟ್ಟುಗಳನ್ನು ಎಲ್ಲರೂ ಹೆಬ್ಬೆರಳಿಗೆ ಎಂಜಲು ಹಚ್ಚಿಯೇ ತಿರುವುತ್ತಿದ್ದರು. ಆ ಕಟ್ಟು ಸಂಜೆಯೊಳಗೆ ಐದು ಮೇಜು ಸುತ್ತುತ್ತಿತ್ತು. ಬ್ಯಾಂಕಿನ ಕ್ಯಾಷಿಯರ್‌ಗಳು ಇಟ್ಟುಕೊಳ್ಳುವಂಥ ಒದ್ದೆ ಸ್ಪಂಜಿನ ಡಬ್ಬಿಯನ್ನು ಪ್ರತಿ ಮೇಜಿಗೂ ಒಂದೊಂದು ಕೊಡಿಸಿ.

ಪ್ರಶ್ನೆ ಕೇಳಿದವರು: ಲೆಕ್ಕದಮನೆ

ಎಲ್ಲರಿಗೂ ಕೃತಜ್ಞತೆಗಳು. ಎಂಜಲಿನ ವಿಷಯ ಓದಿ ನನ್ನ ಹೆಬ್ಬೆರಳನ್ನೇ ನೋಡಿಕೊಂಡೆ. ವೈದ್ಯರ ಚೀಟಿಯ ನಿಯಮವನ್ನು ಮೂರು ದಿನಕ್ಕಿಂತ ಹೆಚ್ಚಿನ ರಜೆಗೆ ಮಾತ್ರ ಸೀಮಿತಗೊಳಿಸಲು ಪಾಲುದಾರರು ಒಪ್ಪಿದ್ದಾರೆ. ಎಕ್ಸಾಸ್ಟ್ ಫ್ಯಾನಿಗೂ ಅಳತೆ ತೆಗೆಸಿದ್ದಾಯಿತು. ಲಸಿಕೆಯ ಖರ್ಚನ್ನು ಕಚೇರಿಯೇ ಪೂರ್ತಿ ಭರಿಸಬೇಕೋ ಅರ್ಧ ಭರಿಸಬೇಕೋ ಎಂಬ ಚರ್ಚೆ ಮಾತ್ರ ಇನ್ನೂ ನಡೆದಿದೆ. ಹಿಂದಿನ ವರ್ಷದ ಹನ್ನೊಂದು ಮಂದಿಯ ರಜೆಯ ದಿನಗಳನ್ನು ಕೂಡಿಸಿ, ಆ ಮೊತ್ತವನ್ನು ಲಸಿಕೆಯ ದರದ ಪಕ್ಕದಲ್ಲಿ ಬರೆದು ಸೋಮವಾರದ ಸಭೆಯ ಮುಂದಿಡುತ್ತೇನೆ.